ಡೇಟಾ ಬಂತು, ಸೆಟ್ಟಿಂಗ್ ಎಲ್ಲಿ ಹೋಯ್ತು?

ಫೆಸ್ಟ್‌ಗೆ ಇನ್ನೆರಡೇ ದಿನ ಇದ್ದಾಗ, ರಿಜಿಸ್ಟ್ರೇಷನ್ ನಡೀತಿದ್ದ ಹಳೇ ಕಂಪ್ಯೂಟರಿನ ಡಿಸ್ಕ್ ಕೈಕೊಟ್ಟಿತು. ‘ಬ್ಯಾಕಪ್ ಇದೆ, ಚಿಂತೆ ಬೇಡ’ ಅಂತ ಧೈರ್ಯ ಹೇಳಿದವನು ನಾನೇ. ಹೊಸ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಹಾಕಿ ರಿಸ್ಟೋರ್ ಮಾಡಿದೆವು. ಟೇಬಲ್‌ಗಳೆಲ್ಲ ಬಂದವು, ಸಾಲುಗಳ ಲೆಕ್ಕವೂ ಸರಿಹೋಯಿತು. ಆದರೆ ಬೆಳಿಗ್ಗೆ 10ಕ್ಕೆ ಇದ್ದ ಕ್ವಿಜ್, ನಸುಕಿನ 4:30ಕ್ಕೆ ಅಂತ ತೋರಿಸ್ತಿತ್ತು!

ಕಾರಣ ಇಷ್ಟೇ. ಹಿಂದೆ ಸೀನಿಯರ್ ಒಬ್ಬರು ‘ಆಲ್ಟರ್ ಡೇಟಾಬೇಸ್ ಸೆಟ್’ ಆಜ್ಞೆ ಕೊಟ್ಟು ಆ ಡೇಟಾಬೇಸಿನ ಟೈಮ್‌ಜೋನನ್ನು ಭಾರತದ ಸಮಯಕ್ಕೆ ಬದಲಿಸಿದ್ದರು. ಹೊಸ ಸರ್ವರ್ ಯುಟಿಸಿಯಲ್ಲಿತ್ತು. ಟೈಮ್‌ಜೋನ್ ಸಹಿತದ ಟೈಮ್‌ಸ್ಟ್ಯಾಂಪನ್ನು ಪೋಸ್ಟ್‌ಗ್ರೆಸ್ ಒಳಗೆ ಯುಟಿಸಿಯಲ್ಲೇ ಇಟ್ಟುಕೊಂಡು, ತೋರಿಸುವಾಗ ಸೆಟ್ಟಿಂಗ್ ನೋಡಿ ಬದಲಿಸುತ್ತದೆ. ಹಾಗಾಗಿ ಹಳೇ ಡೇಟಾ ಕೆಟ್ಟಿರಲಿಲ್ಲ. ಆದರೆ ಅದನ್ನು ಗಮನಿಸದೆ ಯಾರಾದರೂ ‘10 ಗಂಟೆ’ ಅಂತ ಹೊಸದಾಗಿ ನಮೂದಿಸಿದ್ದರೆ, ಅದು ಯುಟಿಸಿಯ 10 ಆಗಿ ಸೇರಿ ಡೇಟಾನೇ ಕೆಡ್ತಿತ್ತು.

ಹಾಗಾದರೆ ಪಿಜಿ-ಡಂಪ್ ಅದನ್ನು ಯಾಕೆ ತರಲಿಲ್ಲ? ಸುಮ್ಮನೆ ಓಡಿಸಿದರೆ ಅದು ಡೇಟಾಬೇಸಿನ ಒಳಗಿರೋದನ್ನಷ್ಟೇ ತರುತ್ತದೆ. ಸೆಟ್ಟಿಂಗ್‌ಗಳು ಇರೋದು ಬೇರೆ ಮೂರು ಕಡೆ:

1. ಡೇಟಾಬೇಸ್ ಮಟ್ಟದ ಸೆಟ್ಟಿಂಗ್: ಇವು ಇಡೀ ಸರ್ವರಿಗೆ ಸೇರಿದ ಕ್ಯಾಟಲಾಗಿನಲ್ಲಿರುತ್ತವೆ. 2018ರಲ್ಲಿ ಬಂದ 11ನೇ ಆವೃತ್ತಿಯಿಂದ ‘ಕ್ರಿಯೇಟ್’ ಆಯ್ಕೆ ಕೊಟ್ಟರೆ ಇವೂ ಬರುತ್ತವೆ. ಡಂಪ್ ಬರೀ ಎಸ್‌ಕ್ಯೂಎಲ್ ಪಠ್ಯವಾಗಿದ್ದರೆ ಡಂಪ್ ತೆಗೆಯುವಾಗ, ಕಸ್ಟಮ್ ಫಾರ್ಮ್ಯಾಟ್ ಆಗಿದ್ದರೆ ಪಿಜಿ-ರಿಸ್ಟೋರ್ ಮಾಡುವಾಗ ಈ ಆಯ್ಕೆ ಕೊಡಬೇಕು.

2. ಬಳಕೆದಾರರು, ಅಂದರೆ ರೋಲ್‌ಗಳು: ಪಾಸ್‌ವರ್ಡ್‌ಗಳೂ ಇವುಗಳ ಜೊತೆಗೇ ಇರುತ್ತವೆ. ಇವಕ್ಕೆ ‘ಪಿಜಿ-ಡಂಪ್‌ಆಲ್’ ಅನ್ನು ‘ಗ್ಲೋಬಲ್ಸ್-ಓನ್ಲಿ’ ಆಯ್ಕೆಯೊಂದಿಗೆ ಓಡಿಸಿ.

3. ಸರ್ವರಿನ ಫೈಲ್‌ಗಳು: ಮುಖ್ಯ ಕಾನ್ಫಿಗ್ ಫೈಲ್, ಯಾರು ಎಲ್ಲಿಂದ ಲಾಗಿನ್ ಆಗಬಹುದು ಅಂತ ಹೇಳುವ ಎಚ್‌ಬಿಎ ಫೈಲ್, ‘ಆಲ್ಟರ್ ಸಿಸ್ಟಮ್’ ಬರೆಯುವ ಆಟೋ ಕಾನ್ಫಿಗ್ ಫೈಲ್. ಈ ಮೂರೂ ಯಾವ ಡಂಪಿನಲ್ಲೂ ಬರಲ್ಲ. ನಾವೇ ಕಾಪಿ ಮಾಡಿ ಇಟ್ಟುಕೊಳ್ಳಬೇಕು.

ಈಗ ನಾವು ಪ್ರತಿ ತಿಂಗಳು ಖಾಲಿ ಕಂಪ್ಯೂಟರಿನಲ್ಲಿ ಒಮ್ಮೆ ರಿಸ್ಟೋರ್ ಮಾಡಿ ನೋಡ್ತೇವೆ. ಸಾಲು ಎಣಿಸಿ ಸುಮ್ಮನಾಗದೆ, ಆಪ್‌ನಿಂದಲೇ ಲಾಗಿನ್ ಆಗಿ, ತೋರಿಸೋ ಸಮಯ ಸರಿ ಇದೆಯಾ ಅಂತಲೂ ಪರೀಕ್ಷಿಸ್ತೇವೆ. ನಿಮ್ಮ ಪ್ರಾಜೆಕ್ಟಿನ ಬ್ಯಾಕಪ್ಪನ್ನೂ ಡೆಮೊ ದಿನಕ್ಕೆ ಮೊದಲೇ ಹೀಗೊಮ್ಮೆ ರಿಸ್ಟೋರ್ ಮಾಡಿ ನೋಡಿ.