ಮರುಭೂಮಿಯ ಜೊಂಡು: ಹಾಳೆ ಓದುತ್ತ ಕಲಿತದ್ದು

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಉಪ್ಪುನೀರಿನ ಬುಗ್ಗೆಗಳ ಅಂಚಿಗೆ ಬೆಳೆಯುವ ಜೊಂಡು ಜಂಕಸ್ ಕೂಪರಿ. ಹರ್ಬೇರಿಯಂಗಳಲ್ಲಿ ಅದರ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಗಳನ್ನು ನೋಡುವವರಿಗೆ ನನ್ನ ಕೆಲವು ಮಾತು.

1. ಮೊದಲು ಕಾಯಿ ಹುಡುಕಿ. ಜಂಕಸ್ ಜಾತಿಗಳನ್ನು ಬೇರ್ಪಡಿಸುವುದು ಹೆಚ್ಚಾಗಿ ಬಲಿತ ಕಾಯಿ ಮತ್ತು ಬೀಜದಿಂದಲೇ. ಅವಿಲ್ಲದ ಹಾಳೆಯ ಮೇಲಿನ ಹೆಸರನ್ನು ನಾನು ನಂಬುವುದಿಲ್ಲ, ಬರೆದವರು ಎಷ್ಟೇ ದೊಡ್ಡವರಿರಲಿ.

2. ಬುಡವನ್ನೂ ನೋಡಿ. ಕೂಪರಿ ಗುಂಪುಗಟ್ಟಿ ಬೆಳೆಯುತ್ತದೆ; ಇನ್ನೊಂದು ಜೊಂಡು ಜಂಕಸ್ ಬಾಲ್ಟಿಕಸ್ ನೆಲದೊಳಗೆ ಹರಿದಾಡುತ್ತದೆ. ಅವಸರದಲ್ಲಿ ದಂಟು ಮಾತ್ರ ಕೊಯ್ದು ತಂದವರು ಈ ಸುಳಿವನ್ನು ಅಲ್ಲೇ ಬಿಟ್ಟು ಬಂದಿರುತ್ತಾರೆ.

3. ಹಾಳೆಯ ಮೇಲಿನ ಹಳೆಯ ಚೀಟಿಯಲ್ಲಿ ಬರೆದ ಸ್ಥಳವನ್ನು ನಕ್ಷೆಗೆ ಇಳಿಸುವಾಗ ಕೈ ಬಿಗಿಹಿಡಿಯಿರಿ. ಕೂಪರಿಯನ್ನೇ ತೆಗೆದುಕೊಳ್ಳಿ: ಸೇಂಟ್ ಲೂಯಿಸ್‌ನ ವೈದ್ಯ ಜಾರ್ಜ್ ಎಂಗೆಲ್ಮನ್ 1868ರಲ್ಲಿ ಈ ಜಾತಿಗೆ ಹೆಸರಿಟ್ಟರು. ಮಾದರಿ ತಂದದ್ದು ಜೆ. ಜಿ. ಕೂಪರ್, ಮೊಹಾವಿ ನದಿಯ ಸೈನಿಕ ಠಾಣೆ ಕ್ಯಾಂಪ್ ಕೇಡಿಯಿಂದ. ಈ ನದಿ ಬಹುಪಾಲು ಮರಳಿನಡಿಯೇ ಹರಿಯುತ್ತದೆ, ಕೆಲವೆಡೆ ಮಾತ್ರ ಮೇಲೆ ಬರುತ್ತದೆ. ಹಾಗಾಗಿ ನಕ್ಷೆಯ ಬಿಂದುವನ್ನು ನೀರಿರುವ ಕಡೆಗೆ ಸರಿಸುವ ಆಸೆ ಹುಟ್ಟುತ್ತದೆ. ಸರಿಸಬೇಡಿ. ಮುಂದೆ ಯಾರೋ ಅದೇ ಬಿಂದುಗಳನ್ನು ಹಿಡಿದು ‘ಜೊಂಡು ನೀರಿನ ಪಕ್ಕದಲ್ಲೇ ಇದೆ’ ಎಂದು ಸಾಧಿಸುತ್ತಾರೆ. ನಾವೇ ಇಟ್ಟದ್ದನ್ನು ನಾವೇ ಕಂಡುಹಿಡಿದಂತಾಗುತ್ತದೆ. ಠಾಣೆಯ ಸುತ್ತ ದೊಡ್ಡ ವರ್ತುಲ ಎಳೆದು, ಅದರ ಅಳತೆ ಬರೆದರೆ ಸಾಕು.

4. ಒಂದೇ ದಿನದ ಸಂಗ್ರಹ ನಾಲ್ಕಾರು ಹರ್ಬೇರಿಯಂಗಳಿಗೆ ಹಂಚಿಹೋಗಿರುತ್ತದೆ. ಸಂಗ್ರಾಹಕರ ಹೆಸರು, ಸಂಖ್ಯೆ, ತಾರೀಕು ತಾಳೆ ನೋಡದೆ ಹಾಳೆಗಳನ್ನು ಎಣಿಸಬೇಡಿ.

5. ಪೇಟೆಯ ನಡುವೆ ಬಿದ್ದ ಬಿಂದುವನ್ನು ತಪ್ಪೆಂದು ಅಳಿಸುವ ಮುನ್ನ ಊರಿನ ಚರಿತ್ರೆ ಓದಿ. ಇದೇ ಮರುಭೂಮಿಯ ಲಾಸ್ ವೇಗಸ್‌ನ ಬುಗ್ಗೆಗಳು ನೆಲದ ಮೇಲೆ ಹರಿಯುವುದನ್ನು 1962ರಲ್ಲಿ ನಿಲ್ಲಿಸಿದವು. ಊರು ಅಂತರ್ಜಲವನ್ನು ಅಷ್ಟು ಎತ್ತಿತ್ತು. ಅದಕ್ಕೂ ಹಿಂದಿನ ಚೀಟಿಯಲ್ಲಿ ‘ತೇವದ ನೆಲ’ ಎಂದಿದ್ದರೆ ನನಗೆ ಆಶ್ಚರ್ಯವಿಲ್ಲ. ಬಿಂದುಗಳನ್ನು ‘ಶುಚಿಗೊಳಿಸುವ’ ತಂತ್ರಾಂಶಕ್ಕೆ ಈ ಚರಿತ್ರೆ ಗೊತ್ತಿಲ್ಲ.

6. ಯಾವ ಹಾಳೆಯೂ ಸಿಗದ ಬುಗ್ಗೆಯಲ್ಲಿ ಜೊಂಡೂ ಇರಲಿಲ್ಲ ಎನ್ನಬೇಡಿ. ಇದರ ಎಲೆಯ ತುದಿ ಸೂಜಿಯಂತೆ ಚುಚ್ಚುತ್ತದೆ, ಪಕ್ಕದಲ್ಲೇ ಚೆಂದದ ಹೂಗಿಡವಿದ್ದರೆ ಯಾರು ತಾನೇ ಇದನ್ನು ಕೀಳುತ್ತಾರೆ?

7. ನೀವೇ ಸಂಗ್ರಹಿಸುವುದಾದರೆ ನೀರಿನ ಸ್ಥಿತಿಯನ್ನು ಚೀಟಿಯಲ್ಲಿ ಬರೆಯಿರಿ: ಹರಿಯುತ್ತಿತ್ತೇ, ನಿಂತಿತ್ತೇ, ಬರೀ ತೇವವೇ, ಉಪ್ಪು ಕಟ್ಟಿತ್ತೇ. ಬರೀ ‘ಬುಗ್ಗೆಯ ಬಳಿ’ ಎಂದರೆ ಯಾರಿಗೂ ಉಪಯೋಗವಿಲ್ಲ.