ಸಾಲ ತೀರಿತು, ಪಹಣಿಯಲ್ಲಿ ಉಳಿಯಿತು

ಹೊಲದ ಮೇಲಿನ ಸಾಲ ತೀರುವುದು ಬ್ಯಾಂಕಿನ ಕೌಂಟರಿನಲ್ಲಲ್ಲ, ಪಹಣಿಯ 11ನೇ ಕಾಲಂನಲ್ಲಿ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತರ ಮನೆಗಳಲ್ಲಿ ಈ ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೊನೆಯ ಕಂತು ಕಟ್ಟಿ, ರಸೀದಿಯನ್ನು ಟ್ರಂಕಿನಲ್ಲಿಟ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿದ ಹಿರಿಯರ ಮಕ್ಕಳು ಈಗ ವಕೀಲರ ಆಫೀಸಿನ ಬೆಂಚಿನ ಮೇಲೆ ಕೂತಿದ್ದಾರೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಚಳ್ಳಕೆರೆ ಕಡೆಯ ಹೊಲಕ್ಕೆ ಬೋರ್‌ವೆಲ್ ಹಾಕಿಸಲು ಅಪ್ಪ ಸಾಲ ಎತ್ತಿದ್ದರು. ಮಳೆ ಬಂದ ವರ್ಷ ಶೇಂಗಾ ಮಾರಿ ಕಟ್ಟಿದರು, ಬಾರದ ವರ್ಷ ಕುರಿ ಮಾರಿ ಕಟ್ಟಿದರು. ಪೂರ್ತಿ ತೀರಿಸಿದರು. ಅವರು ಹೋದ ಮೇಲೆ ನಾವು ಪಾಲು ಮಾಡಿಕೊಳ್ಳಲು ಕೂತಾಗ ಪಹಣಿಯಲ್ಲಿ ಆ ಸರ್ವೆ ನಂಬರಿನ ಮುಂದೆ ಬ್ಯಾಂಕಿನ ಹೆಸರೂ ಸಾಲದ ಮೊತ್ತವೂ ಹಾಗೇ ನಿಂತಿದ್ದವು. “ಅಣ್ಣಾ, ಸಾಲ ಇರೋ ನಂಬರ್ ನನ್ನ ಪಾಲಿಗ್ಯಾಕೆ ಹಾಕ್ತೀಯ?” ಎಂದ ತಮ್ಮ. ಅವನು ಕೇಳಿದ್ದು ಸರಿಯೇ. ಸಾಲವೇ ಇಲ್ಲ ಎಂದು ತೋರಿಸುವ ಕಾಗದ ಯಾರ ಬಳಿಯೂ ಇರಲಿಲ್ಲ. ಇದ್ದ ರಸೀದಿಯ ಶಾಯಿ ಮಾಸಿಹೋಗಿತ್ತು. ಅಷ್ಟರಿಂದಲೇ ಮಾತು ಬೆಳೆದು ವಿಭಾಗದ ದಾವೆಯ ತನಕ ಹೋಯಿತು.

ಇದು ಹೇಗೆ ಆಗುತ್ತದೆಂದರೆ, ಕೃಷಿ ಸಾಲಕ್ಕೆ ಕರ್ನಾಟಕದಲ್ಲಿ 1974ರ ಒಂದು ಕಾಯ್ದೆಯಿದೆ. ರೈತ ಡಿಕ್ಲರೇಷನ್ ಬರೆದುಕೊಟ್ಟರೆ ಸಾಕು, ಜಮೀನಿನ ಮೇಲೆ ಬ್ಯಾಂಕಿನ ಹಕ್ಕು ಬೀಳುತ್ತದೆ, ಅದು ಪಹಣಿಯ ‘ಹಕ್ಕುಗಳು ಮತ್ತು ಋಣಗಳು’ ಕಾಲಂಗೆ ಏರುತ್ತದೆ. ಏರಿದ್ದು ತಾನಾಗಿ ಇಳಿಯುವುದಿಲ್ಲ. ಬ್ಯಾಂಕು ಸಾಲ ತೀರಿದೆ ಎಂದು ಬರೆದುಕೊಡಬೇಕು, ಅದು ಕಂದಾಯ ದಾಖಲೆಗೆ ಮುಟ್ಟಬೇಕು, ಆಗ ಮ್ಯುಟೇಶನ್ ಆಗುತ್ತದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ತೀರಿಯೂ ಇಳಿಯದಿದ್ದ ಹಳೆಯ ಋಣಗಳೂ ಜೊತೆಗೇ ಏರಿಕೊಂಡವು.

ಇನ್ನೊಂದು ತೊಡಕು, ಪಹಣಿಯಲ್ಲಿರುವ ಬ್ಯಾಂಕೇ ಇವತ್ತು ಇಲ್ಲ. ಚಿತ್ರದುರ್ಗ ಗ್ರಾಮೀಣ ಬ್ಯಾಂಕನ್ನು ನೋಡಿ. ಅದು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಂದು ರಾಜ್ಯದ ಇನ್ನೊಂದು ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಕೂಡಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಸೇರಿದವು. ಹೆಸರು ಅಳಿದರೂ ಜವಾಬ್ದಾರಿ ಅಳಿಯುವುದಿಲ್ಲ. ಈಗಿನ ಬ್ಯಾಂಕೇ ಹಳೆಯ ಖಾತೆಗೆ ‘ನೋ ಡ್ಯೂ’ ಕೊಡಬೇಕು. ಕೇಳಲು ಹೋಗುವಾಗ ಹಳೆಯ ಸಾಲದ ಖಾತೆ ನಂಬರು, ಪಹಣಿ, ಸಿಕ್ಕ ರಸೀದಿಗಳೆಲ್ಲದರ ನಕಲು ಇಟ್ಟು, ಅರ್ಜಿಯನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವಷ್ಟೇ ಸಿಗುತ್ತದೆ.

ಮನೆ ಸಾಲದವರಿಗೆ ಕಾಲ ಕೊಂಚ ಒಳ್ಳೆಯದಾಗಿದೆ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಟ್ಟು, ನೋಂದಣಿಯಾಗಿರುವ ಋಣವನ್ನೂ ತೆಗೆಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರ ಕಳೆದುಹೋಗಿದ್ದರೆ ನಕಲು ತೆಗೆಸುವ ಖರ್ಚು ಬ್ಯಾಂಕಿನದು. ಅದಕ್ಕೆ ಇನ್ನೂ 30 ದಿನ ಹೆಚ್ಚಿನ ಅವಕಾಶವಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಆದರೆ ಸುತ್ತೋಲೆ ಹೇಳುವುದು ವೈಯಕ್ತಿಕ ಸಾಲಗಳ ಮಾತನ್ನು. ಬೆಳೆಸಾಲದವರು ಇದನ್ನೇ ನೆಚ್ಚಿ ಕೂರುವಂತಿಲ್ಲ. ಪತ್ರದ ಅಗತ್ಯ ಹೆಚ್ಚಾಗಿರುವ ರೈತನಿಗೇ ಈ ರಕ್ಷಣೆ ಸಿಗದಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಮೊಳಕಾಲ್ಮುರು ಕಡೆ ಜಗಳ ಬೇರೆ ಥರದ್ದು. ಅಲ್ಲಿ ಬ್ಯಾಂಕಿಗಿಂತ ಭೋಗ್ಯ ಹಳೆಯದು. ಹಣ ಕೊಟ್ಟವನು ಹೊಲ ಉಳುತ್ತಾನೆ, ಬೆಳೆಯೇ ಬಡ್ಡಿ. ಅಸಲು ಕೊಟ್ಟ ದಿನ ಹೊಲ ಬಿಡಬೇಕು. ನಮ್ಮ ಸೋದರತ್ತೆಯ ಮಾವನವರು ಮಗ್ಗಕ್ಕೆ ರೇಷ್ಮೆ ಕೊಳ್ಳಲು ಹೊಲವನ್ನು ಹೀಗೆ ಭೋಗ್ಯಕ್ಕೆ ಕೊಟ್ಟಿದ್ದರು. ಪತ್ರ ರಿಜಿಸ್ಟರ್ ಆಗಿತ್ತು. ಬಿಡಿಸಿಕೊಳ್ಳಲು ಹೋದಾಗ ಹಣ ಕೊಟ್ಟವರ ಮಕ್ಕಳು, “ಮೂವತ್ತು ವರ್ಷ ದಾಟೈತೆ ಅಮ್ಮಾ, ಇನ್ನು ಹೊಲ ನಮ್ದೇ” ಎಂದುಬಿಟ್ಟರು. ಅತ್ತೆಯೂ ಅದನ್ನು ನಂಬಿದ್ದರು. ಊರೂ ನಂಬಿತ್ತು.

ಕಾನೂನು ಹಾಗೆ ಹೇಳುವುದಿಲ್ಲ. ಸಿಂಗ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ: ಸ್ವಾಧೀನ ಕೊಟ್ಟ ಭೋಗ್ಯದಲ್ಲಿ ಪತ್ರ ಬರೆದು 30 ವರ್ಷವಾಯಿತೆಂಬ ಒಂದೇ ಕಾರಣಕ್ಕೆ ಭೋಗ್ಯದಾರ ಮಾಲೀಕನಾಗುವುದಿಲ್ಲ. ಸಾಲ ತೀರಿದ ಮೇಲಷ್ಟೇ ಕಾಲಮಿತಿಯ ಲೆಕ್ಕ ಶುರು. ಹಣ ತೆಗೆದುಕೊಳ್ಳಲು ಅವನು ಒಪ್ಪದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 83ನೇ ಕಲಮಿನಂತೆ ಆ ಹಣವನ್ನು ಕೋರ್ಟಿನಲ್ಲೇ ಠೇವಣಿ ಇಡಬಹುದು.

ಆದರೆ ಭೋಗ್ಯವೆಂದು ಬಾಯಲ್ಲಿ ಹೇಳಿ ಶುದ್ಧ ಕ್ರಯಪತ್ರ ಬರೆಸಿಕೊಂಡಿದ್ದರೆ ಬಹಳ ಕಷ್ಟ. ಹಣ ಕೊಟ್ಟಾಗ ಜಮೀನು ವಾಪಸ್ ಎಂಬ ಷರತ್ತು ಅದೇ ಪತ್ರದೊಳಗೆ ಇರಬೇಕು. ಬೇರೆ ಛಾಪಾ ಕಾಗದದ ಮೇಲೆ ಬರೆದ ಷರತ್ತಿನಿಂದ ಕ್ರಯ ಅಡಮಾನವಾಗುವುದಿಲ್ಲ. 1929ರ ತಿದ್ದುಪಡಿಯಿಂದ ಹೀಗಿದೆ. ಇದಕ್ಕೇ ಎಷ್ಟೋ ಬಡವರು ಹೊಲ ಕಳೆದುಕೊಂಡಿದ್ದಾರೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಾತ್ರ ದಾರಿ ಬೇರೆ: 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಎಂದರೆ ಅಡಮಾನವೂ ಸೇರುತ್ತದೆ, ಅನುಮತಿಯಿಲ್ಲದೆ ಮಾಡಿದ್ದನ್ನು ಉಪವಿಭಾಗಾಧಿಕಾರಿಯ ಮುಂದೆ ಪ್ರಶ್ನಿಸಬಹುದು. ಪರಿಶಿಷ್ಟ ಪಂಗಡದವರು ಇಷ್ಟು ದೊಡ್ಡ ಸಂಖ್ಯೆಯಲ್ಲಿರುವ ಈ ಎರಡೂ ತಾಲ್ಲೂಕುಗಳಲ್ಲಿ ಮೊದಲು ಮಂಜೂರಾತಿ ಆದೇಶ ಹುಡುಕಿ, ಆಮೇಲೆ ವಕೀಲರ ಬಳಿ ಹೋಗುವುದು ಒಳ್ಳೆಯದು.

ಅತ್ತೆಯ ಪರವಾಗಿ ನೋಟಿಸ್ ಹೋದ ಮೇಲೆ ಆ ಮನೆಯವರು ರಾಜಿಗೆ ಬಂದರು, ಪಂಚರ ಮುಂದೆ ಹಣ ಎಣಿಸಿಕೊಂಡು ಹೊಲ ಬಿಡುತ್ತೇವೆ ಎಂದರು. ಅಷ್ಟು ಸಾಲದು ಎಂದು ನಾವು ಪಟ್ಟು ಹಿಡಿದೆವು. ಭೋಗ್ಯ ತೀರಿದೆ ಎಂಬ ಪತ್ರವೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು, ಮೂಲ ಭೋಗ್ಯಪತ್ರ ಕೈಗೆ ಬರಬೇಕು, ಪಹಣಿಯ ಸಾಗುವಳಿದಾರರ ಕಾಲಂನಿಂದ ಅವರ ಹೆಸರು ಹೋಗಬೇಕು. ಮೊದಲೆರಡನ್ನು ಕೇಳುವ ಹಕ್ಕನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 60ನೇ ಕಲಂ ಸಾಲ ತೀರಿಸಿದವರಿಗೆ ಕೊಟ್ಟಿದೆ. ತೀರುವಳಿ ಪತ್ರದ ನೋಂದಣಿ ಖರ್ಚು ನಮ್ಮದೇ. ಕೊಡಲು ಅತ್ತೆ ಹಿಂದೆಮುಂದೆ ನೋಡಲಿಲ್ಲ.