ಎರಡಕ್ಷರ ಓದಿ, ಆಮೇಲೆ ಪೆಡಲ್ ತುಳಿಯಿರಿ

ನಾಲವಾರದಿಂದ ಸನ್ನತಿ ಕಡೆಗೆ ಬಿಸಿಲೇರುವ ಮೊದಲೇ ಸೈಕಲ್ ಹೊಡೆದುಕೊಂಡು ಹೋಗುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಹಿಗ್ಗು. ಮೊಬೈಲ್ ಹಿಡಿದು ಹಾಸಿಗೆಯಲ್ಲಿ ಹೊರಳಾಡುವುದಕ್ಕಿಂತ ಅದು ನೂರು ಪಾಲು ವಾಸಿ. ಸೈಕಲ್ ಬಿಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಲಕ್ಷಗಟ್ಟಲೆ ಕೊಟ್ಟು ರೋಡ್ ಬೈಕ್ ಕೊಳ್ಳುತ್ತೀರಿ, ಅದರ ಮೈಮೇಲೆ ಏನು ಬರೆದಿದೆ ಎಂದು ಒಂದು ಸಲವೂ ಓದುವುದಿಲ್ಲ. ಈ ಉದಾಸೀನ ಬಿಡಿ.

ಕೋರಿಸಿದ್ಧೇಶ್ವರ ಜಾತ್ರೆಗೆಂದು ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಂದಿದ್ದ. ಸಂಗಡ ಸೈಕಲ್ಲೂ ಬಂದಿತ್ತು. ಅಂಗಳದಲ್ಲಿ ಒಂದು ಸುತ್ತು ಹೊಡೆದ, ತುಳಿದಾಗಲೆಲ್ಲ ‘ಕಿರ್, ಕಿರ್’ ಎನ್ನುತ್ತಿತ್ತು. ಏನದು ಎಂದು ಕೇಳಿದರೆ, ‘ಆವಾಜ್ ಮೂರ್ ತಿಂಗಳಿಂದ ಅದ ಅತ್ತಿ. ಗ್ರೀಸ್ ಹಾಕ್ಸೀನಿ, ಹೋಗ್ತದ ಬಿಡ್ರಿ’ ಅಂದ. ಬಿಲ್ ಎಲ್ಲಿದೆ ಎಂದೆ, ಕಳೆದಿದೆ. ಯಾವ ವರ್ಷದ ಸಾಮಾನು ಎಂದೆ, ಗೊತ್ತಿಲ್ಲ. ಕೊನೆಗೆ ಬಿಚ್ಚಿಸಿ ನೋಡಿದರೆ ಪೆಡಲ್ಲಿನ ಬೇರಿಂಗ್ ಒಣಗಿತ್ತು, ಅಷ್ಟೆ. ಪುಣ್ಯಕ್ಕೆ ಸಣ್ಣದರಲ್ಲೇ ಹೋಯಿತು. ಆದರೆ ಸಣ್ಣದೋ ದೊಡ್ಡದೋ ಎಂದು ತಿಳಿಯದೆಯೇ ಅವನು ಮೂರು ತಿಂಗಳು ತುಳಿದಿದ್ದ. ನಿಮ್ಮಲ್ಲೂ ಎಷ್ಟು ಮಂದಿ ಹೀಗಿದ್ದೀರಿ ಎಂದು ನನಗೆ ಗೊತ್ತು.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಕೇಳಿದ್ದೀರಲ್ಲ. ದುಬಾರಿ ಸಾಮಾನಿಗೂ ಅದು ಅನ್ವಯಿಸುತ್ತದೆ. 2023ರ ಸೆಪ್ಟೆಂಬರ್ 21ರಂದು ಜಪಾನಿನ ಶಿಮಾನೊ ಕಂಪನಿಯ ಕ್ರ್ಯಾಂಕ್‌ಗಳಿಗೆ, ಅಂದರೆ ಪೆಡಲ್ ಹಿಡಿದಿರುವ ತೋಳುಗಳಿಗೆ, ರೀಕಾಲ್, ಅಂದರೆ ದೋಷಕ್ಕಾಗಿ ಹಿಂದಕ್ಕೆ ಕರೆಸುವ ಘೋಷಣೆ, ಹೊರಬಿತ್ತು. ಅವು ಅಗ್ಗದ ಮಾಲಲ್ಲ. ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾ ಎಂಬ ಮೇಲ್ದರ್ಜೆಯ 11 ಸ್ಪೀಡ್ ಕ್ರ್ಯಾಂಕ್‌ಗಳು, 2019ರ ಜುಲೈ 1ಕ್ಕಿಂತ ಮೊದಲು ತಯಾರಾದವು. ಅಮೆರಿಕ ಮತ್ತು ಕೆನಡಾ ಎರಡರಲ್ಲೇ ಸುಮಾರು 7,60,000 ಮಾರಾಟವಾಗಿದ್ದವು. ಕ್ರ್ಯಾಂಕ್ ಬಿಟ್ಟುಕೊಂಡ 4,519 ದೂರುಗಳು ಆ ಹೊತ್ತಿಗೆ ದಾಖಲಾಗಿದ್ದವು. ಆರು ಜನರಿಗೆ ಪೆಟ್ಟಾಗಿತ್ತು, ಮೂಳೆ ಮುರಿದದ್ದೂ ಇತ್ತು.

ಕಾರಣ ತಿಳಿದುಕೊಳ್ಳಿ, ಆಗ ಮುಂದಿನ ಮಾತು ತಲೆಗೆ ಹೋಗುತ್ತದೆ. ತೂಕ ಇಳಿಸಲು ಈ ತೋಳನ್ನು ಒಳಗೆ ಟೊಳ್ಳು ಮಾಡಿರುತ್ತಾರೆ. ಅಲ್ಯೂಮಿನಿಯಂನ ಎರಡು ಹೋಳು ಮಾಡಿ, ಅಂಟು ಹಾಕಿ ಕೂಡಿಸಿರುತ್ತಾರೆ. ಆ ಕೂಡುಗೆರೆ ವರ್ಷಗಳ ಮೇಲೆ ಬಿಡತೊಡಗಿದರೆ ತೋಳು ಎರಡಾಗುತ್ತದೆ. ನಮ್ಮ ಶಹಾಬಾದ್ ಕಲ್ಲು ಪದರ ಪದರವಾಗಿ ಏಳುವುದನ್ನು ನೋಡಿದ್ದೀರಲ್ಲ, ಹಾಗೆ. ಕಲ್ಲು ಎದ್ದರೆ ಹಾಸುಗಲ್ಲಾಗುತ್ತದೆ, ಕ್ರ್ಯಾಂಕ್ ಎದ್ದರೆ ನೀವು ನೆಲಕ್ಕೆ. ಅದೂ ಯಾವಾಗ? ಏರಿನಲ್ಲಿ ಎದ್ದು ನಿಂತು ಜೋರಾಗಿ ತುಳಿಯುವಾಗ. ವಾಡಿ, ಸೇಡಂ ರಸ್ತೆಗಳಲ್ಲಿ ಹಿಂದೆ ಸಿಮೆಂಟ್ ಲಾರಿ ಇರುತ್ತದೆ, ನೆನಪಿರಲಿ.

ಈಗ ನೋಡುವ ಬಗೆ ಹೇಳುತ್ತೇನೆ. ಒದ್ದೆ ಬಟ್ಟೆಯಿಂದ ಕ್ರ್ಯಾಂಕನ್ನು ಚೆನ್ನಾಗಿ ಒರೆಸಿ. ಮಾದರಿಯ ಸಂಖ್ಯೆ ಹುಡುಕಿ. ಎಫ್‌ಸಿ-6800, ಎಫ್‌ಸಿ-ಆರ್8000, ಎಫ್‌ಸಿ-9000, ಎಫ್‌ಸಿ-ಆರ್9100, ಎಫ್‌ಸಿ-ಆರ್9100-ಪಿ, ಈ ಐದರಲ್ಲಿ ಒಂದಿದ್ದರೆ ಮುಂದೆ ನೋಡಿ. ತೋಳಿನ ಒಳಮೈಯಲ್ಲಿ, ಪೆಡಲ್ ಕೂರುವ ಜಾಗದ ಹತ್ತಿರ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಕೆಎಫ್ ಎಂದರೆ 2012ರ ಜೂನ್, ಆರ್‌ಎಫ್ ಎಂದರೆ 2019ರ ಜೂನ್. ಇವೆರಡೂ ಸೇರಿ, ಇವುಗಳ ನಡುವೆ ನಿಮ್ಮದು ಬಿದ್ದರೆ ಸೈಕಲ್ ಗೋಡೆಗೆ ಒರಗಿಸಿ ಇಡಿ. ಅಧಿಕೃತ ಡೀಲರಿಗೆ ಒಯ್ದು ತಪಾಸಣೆ ಮಾಡಿಸಿ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಅಂಟು ಬಿಡುತ್ತಿರುವ ಲಕ್ಷಣ ಕಂಡವನ್ನು ಉಚಿತವಾಗಿ ಬದಲಿಸುವುದು ಕಂಪನಿ ಹೇಳಿದ ಕ್ರಮ. ಚೌಕಟ್ಟಿನ ಮೇಲಿನ ಹೆಸರು ನೋಡಿ ಸುಮ್ಮನಾಗಬೇಡಿ. ಈ ಕ್ರ್ಯಾಂಕ್ ಹತ್ತಾರು ಕಂಪನಿಗಳ ಸೈಕಲ್ಲಿಗೆ ಏರಿದೆ.

ಕಣ್ಣಿನಷ್ಟೇ ಕಿವಿಯನ್ನೂ ಬಳಸಿ. ಗಡಿಗೆ ಕೊಳ್ಳುವಾಗ ಬಡಿದು ನೋಡದೆ ದುಡ್ಡು ಕೊಟ್ಟವರುಂಟೇ? ಹಿಂದೆ ಜಂಕ್ಷನ್‌ಗಳಲ್ಲಿ ರೈಲು ನಿಂತಾಗ ಗಾಲಿಗೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಹೊಸ ಸದ್ದು ಬಂದರೆ ಅದು ಎಲ್ಲಿಂದ ಎಂದು ತಿಳಿಯುವವರೆಗೆ ಹತ್ತಬೇಡಿ. ಕೂಡುಗೆರೆಯಲ್ಲಿ ಕೂದಲೆಳೆಯಷ್ಟು ಸಂದು ಕಂಡರೂ, ಉಗುರು ಸಿಕ್ಕಿಕೊಂಡರೂ ಅಲ್ಲಿಗೇ ನಿಲ್ಲಿಸಿ.

ಇನ್ನು ಬೇಡಗಳು. ಅಂಟು ಬಿಟ್ಟ ಸಾಮಾನಿಗೆ ಎಂ-ಸೀಲ್ ಮೆತ್ತಬೇಡಿ. ವೆಲ್ಡಿಂಗ್ ಅಂಗಡಿಗಂತೂ ಒಯ್ಯಲೇಬೇಡಿ. ಸೈಕಲ್ಲಿನ ಬೇರೆ ಭಾಗ ಕಾರ್ಬನ್ ಫೈಬರಿನದಾದರೆ ಅದಕ್ಕೆ ವೆಲ್ಡಿಂಗ್ ಆಗುವುದೇ ಇಲ್ಲ. ಬೋಲ್ಟನ್ನು ಕೈಬಲದ ಅಂದಾಜಿನಲ್ಲಿ ಬಿಗಿಯಬೇಡಿ, ಟಾರ್ಕ್ ವ್ರೆಂಚ್ ಬಳಸಿ. ಈ ಕ್ರ್ಯಾಂಕಿನ ಎಡತೋಳಿನ ಬೋಲ್ಟಿಗೆ 12ರಿಂದ 14 ನ್ಯೂಟನ್ ಮೀಟರ್ ಸಾಕು. ಮೋಟಾರ್ ಸೈಕಲ್ ತೊಳೆಯುವ ಪೈಪಿನ ಜೋರು ನೀರನ್ನು ಸೈಕಲ್ಲಿಗೆ ಹಿಡಿಯಬೇಡಿ. ಬೇಸಿಗೆಯಲ್ಲಿ ಸುರಿದ ಬೆವರನ್ನು ಹಾಗೇ ಒಣಗಲು ಬಿಡಬೇಡಿ, ಅದರಲ್ಲಿ ಉಪ್ಪಿದೆ. ನಮ್ಮ ಕಡೆಯ ಸಿಮೆಂಟ್ ಪುಡಿಯೂ ಒದ್ದೆಯಾದರೆ ಕ್ಷಾರ, ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ಮನೆಗೆ ಬಂದ ಮೇಲೆ ಐದು ನಿಮಿಷ ಒರೆಸಿದರೆ ಕೈ ಸವೆಯುವುದಿಲ್ಲ.

ನಮ್ಮದು ಶಿಮಾನೊ ಅಲ್ಲ ಎಂದು ಉಳಿದವರು ಕಾಲು ಚಾಚಬೇಡಿ. 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕ ಮತ್ತು ಕೆನಡಾದಲ್ಲಿ ಹತ್ತಿರ ಹತ್ತು ಲಕ್ಷ ಸೈಕಲ್ಲುಗಳಿಗೆ ರೀಕಾಲ್ ಕೊಟ್ಟಿತು. ಮುಂದಿನ ಗಾಲಿ ಬಿಗಿಯುವ ಕ್ವಿಕ್ ರಿಲೀಸ್ ಹಿಡಿ ಅತಿಯಾಗಿ ತೆರೆದುಕೊಂಡರೆ ಡಿಸ್ಕ್ ಬ್ರೇಕಿಗೆ ಸಿಕ್ಕಿಕೊಳ್ಳುತ್ತಿತ್ತು. ಒಬ್ಬರಿಗೆ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿತು. ಬೆರಳಿನಷ್ಟು ಹಿಡಿ, ಒಂದು ಜೀವಮಾನದ ಶಿಕ್ಷೆ! 2021ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಲ ಸಮಿನ್ ರೇಸಿನಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್ ಅವರ ಹ್ಯಾಂಡಲ್ ಮುರಿಯಿತು. ಆಮೇಲೆ ಕ್ಯಾನ್ಯನ್ ಕಂಪನಿ ಅವರು ಓಡಿಸುತ್ತಿದ್ದ ಏರೋಡ್ ಮಾದರಿಯನ್ನು ಓಡಿಸುವುದು ನಿಲ್ಲಿಸಿ ಎಂದು ಕೊಂಡವರಿಗೆ ಹೇಳಿತು. ಅದೇ ವರ್ಷ ಸ್ಪೆಷಲೈಸ್ಡ್ ಕಂಪನಿಯೂ ಟಾರ್ಮ್ಯಾಕ್ ಎಸ್ಎಲ್7 ಮಾದರಿಯ ಮುಂಭಾಗಕ್ಕೆ ರೀಕಾಲ್ ಕೊಟ್ಟಿತು. ಜಗತ್ತಿನ ದೊಡ್ಡ ಸವಾರರ ಕೈಯಲ್ಲೇ ಮುರಿಯುವುದು ನಮ್ಮ ಕೈಯಲ್ಲಿ ಮುರಿಯದೇ?

ತಪ್ಪು ಒಪ್ಪಿಕೊಂಡ ಕಂಪನಿಯನ್ನು ಬೈಯುತ್ತ ಕೂರಬೇಡಿ. ರೀಕಾಲ್ ಎಂದರೆ ನಿಮಗೆ ಸಿಕ್ಕ ಎಚ್ಚರಿಕೆ. ಆದರೆ ಆ ಎಚ್ಚರಿಕೆ ತಾನಾಗಿ ನಡೆದು ಚಿತ್ತಾಪುರದ ಮನೆ ಬಾಗಿಲಿಗೆ ಬರುವುದಿಲ್ಲ. ನೀವು ಎಲ್ಲಿದ್ದೀರಿ ಎಂದು ಕಂಪನಿಗೆ ಗೊತ್ತಿದ್ದರೆ ತಾನೇ ಹೇಳುವುದು? ಆದ್ದರಿಂದ ಕೊಂಡ ದಿನವೇ ಹೆಸರು, ಫೋನ್ ನಂಬರ್ ಕೊಟ್ಟು ಸೈಕಲ್ ನೋಂದಾಯಿಸಿ. ಬಿಲ್ಲಿನ ಫೋಟೊ, ಚೌಕಟ್ಟಿನ ಕೆಳಗಿನ ಸೀರಿಯಲ್ ನಂಬರಿನ ಫೋಟೊ, ಕ್ರ್ಯಾಂಕಿನ ಎರಡಕ್ಷರದ ಫೋಟೊ, ಮೂರನ್ನೂ ತೆಗೆದಿಡಿ. ಆರು ತಿಂಗಳಿಗೊಮ್ಮೆ ಕಂಪನಿಯ ರೀಕಾಲ್ ಪಟ್ಟಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಪ್ಪಟ್ಟು ಜಾಗ್ರತೆ ವಹಿಸಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ತೊಳೆದಿಟ್ಟ ಸೈಕಲ್ಲೆಲ್ಲ ಗಟ್ಟಿಯಲ್ಲ. 2012ರಿಂದ 2019ರೊಳಗಿನ ಸಾಮಾನು ಇವತ್ತು ಹೆಚ್ಚಾಗಿ ಕೈ ಬದಲಿಸಿ ಬರುತ್ತಿರುವ ಸಾಮಾನೇ. ಅಕ್ಷರ ಓದದೆ ಮುಂಗಡ ಕೊಡಬೇಡಿ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ತಂದುಕೊಟ್ಟದ್ದಾದರೆ ಅಲ್ಲಿನ ಬಿಲ್ಲನ್ನೂ ತರಿಸಿಕೊಳ್ಳಿ. ನೀವು ಮಾರುವವರಾದರೆ, ಗೊತ್ತಿರುವ ದೋಷ ಮುಚ್ಚಿಟ್ಟು ಇನ್ನೊಬ್ಬರ ಮಗನ ಕಾಲ ಕೆಳಗೆ ಇಡಬೇಡಿ. ಆ ಪಾಪ ತೊಳೆದರೆ ಹೋಗುವಂಥದ್ದಲ್ಲ.

ಅಂಗಡಿಯವರು ಕಿವಿಗೊಡದಿದ್ದರೆ ಸುಮ್ಮನೆ ವಾಪಸು ಬರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಮಿನಡಿ ಅಪಾಯಕಾರಿ ಸರಕನ್ನು ಹಿಂದಕ್ಕೆ ಕರೆಸಿ, ಕೊಂಡವರಿಗೆ ಹಣ ಮರಳಿಸಿ ಎಂದು ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಲಬುರಗಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, ಆದರೆ ದೂರು ಎರಡು ವರ್ಷದೊಳಗೆ ಕೊಡಬೇಕು. ಅಲ್ಲೆಲ್ಲ ಮೊದಲು ಕೇಳುವುದು ಬಿಲ್ಲನ್ನೇ. ಅದಕ್ಕೇ ಬಿಲ್ಲು, ಬಿಲ್ಲು ಎಂದು ನಾನು ಬಡಿದುಕೊಳ್ಳುವುದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಮಾತು ನಿಮ್ಮ ಮನೆಯಲ್ಲಿ ಕೇಳಿಬರಬಾರದು. ಹಲ್ಲು, ಮೊಣಕಾಲು, ಬೆನ್ನುಹುರಿಗೆ ರೀಕಾಲ್ ಇಲ್ಲ. ಇವತ್ತು ಸಂಜೆ ಸೈಕಲ್ಲನ್ನು ಅಂಗಳಕ್ಕೆ ತನ್ನಿ, ತಲೆಕೆಳಗು ನಿಲ್ಲಿಸಿ, ಒರೆಸಿ, ಆ ಎರಡಕ್ಷರ ಓದಿ. ಓದಿದ್ದನ್ನು ಜೊತೆಗೆ ಸೈಕಲ್ ಹೊಡೆಯುವ ಇಬ್ಬರಿಗಾದರೂ ಹೇಳಿ. ನಾಳೆ ಬೆಳಿಗ್ಗೆ ಸನ್ನತಿ ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಎಲ್ಲ ಸರಿಯಿದೆ ಎಂದು ತಿಳಿದ ಮೇಲೆ ಹೋಗಿಬನ್ನಿ.